ಸರ್ಕಾರಿ ಶಾಲೆಯೊಳಗೇ ಆಟಿಸಂ ಮಕ್ಕಳಿಗೊಂದು ವಿಶೇಷ ತರಗತಿ ಕೇಳೋಣವೇ?

ಶ್ರೀರಂಗಪಟ್ಟಣದ ತಾಯಿ

ನಮಸ್ಕಾರ. ಮಂಡ್ಯ, ಮೈಸೂರು ಜಿಲ್ಲೆಗಳ ಪೋಷಕರೂ ಶಿಕ್ಷಕರೂ ಈ ಬಳಗದಲ್ಲಿರುವುದರಿಂದ ಒಂದು ಪ್ರಸ್ತಾವವನ್ನು ಎಲ್ಲರ ಮುಂದಿಡುತ್ತಿದ್ದೇನೆ. ಆಕ್ಷೇಪಗಳಿದ್ದರೆ ಅರ್ಜಿ ಬರೆಯುವ ಮೊದಲೇ ಬರಲಿ.

ನನ್ನ ಮಗನಿಗೆ ಏಳು ವರ್ಷ. ಮೂರು ತುಂಬಿದರೂ ಮಾತು ಬಾರದ ಕಾರಣ ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ, ನಾವೆಲ್ಲ ಆಯಿಷ್ ಎನ್ನುವಲ್ಲಿಗೆ, ತೋರಿಸಲು ಹೋದಾಗ ಆಟಿಸಂ, ಅಂದರೆ ಮಾತು, ಬೆರೆಯುವಿಕೆ, ಸದ್ದು ಸ್ಪರ್ಶಗಳ ಗ್ರಹಿಕೆ ಬೇರೆ ಬಗೆಯಲ್ಲಿರುವ ಬೆಳವಣಿಗೆಯ ಸ್ಥಿತಿ, ಎಂಬುದು ಖಚಿತವಾಯಿತು. ಅಲ್ಲಿನ ಪ್ರೀಸ್ಕೂಲಿನಲ್ಲಿ ತಾಯಂದಿರನ್ನೂ ತರಗತಿಯೊಳಗೆ ಕೂರಿಸಿಕೊಂಡು ಮಗುವಿಗೆ ಕಲಿಸುವ ಬಗೆಯನ್ನು ತೋರಿಸಿಕೊಡುತ್ತಾರೆ. ನನಗೆ ಗೊತ್ತಿರುವುದರಲ್ಲಿ ಬಹುಪಾಲು ಅಲ್ಲಿ ಕಲಿತದ್ದೇ. ಆರು ತುಂಬಿದ ಮೇಲೆ ಊರಿನ ಸರ್ಕಾರಿ ಶಾಲೆಗೆ ಸೇರಿಸಿದೆವು. ಸೇರಿಸಿಕೊಳ್ಳಲು ಯಾರೂ ತಕರಾರು ಮಾಡಲಿಲ್ಲ, ಮೇಷ್ಟ್ರು ಕೂಡ ಒಳ್ಳೆಯವರು. ಆದರೆ ಹಾಜರಿ ಪುಸ್ತಕದಲ್ಲಿ ಅವನ ಹೆಸರು ಇದೆ ಎನ್ನುವುದನ್ನು ಬಿಟ್ಟರೆ ಆ ಕೊಠಡಿಯಲ್ಲಿ ನಡೆಯುವ ಯಾವುದೂ ಅವನನ್ನು ಮುಟ್ಟುತ್ತಿಲ್ಲ. ಗಂಟೆ ಬಾರಿಸಿದರೆ ಕಿವಿ ಮುಚ್ಚಿಕೊಂಡು ಬೆಂಚಿನ ಕೆಳಗೆ ಸೇರಿಕೊಳ್ಳುತ್ತಾನೆ; ಉಳಿದ ಹೊತ್ತು ಕಿಟಕಿಯ ಸರಳುಗಳ ಮೇಲೆ ಬೆರಳಾಡಿಸುತ್ತ ನಿಂತಿರುತ್ತಾನೆ. ಒಬ್ಬರೇ ಶಿಕ್ಷಕರು ಇಡೀ ತರಗತಿಯನ್ನು ಬಿಟ್ಟು ಅವನೊಬ್ಬನ ಜೊತೆ ಕೂರಲಿ ಎಂದು ನಾನು ಕೇಳುವುದಾದರೂ ಹೇಗೆ?

ಇನ್ನೊಂದು ದಾರಿ ಮೈಸೂರಿನ ವಿಶೇಷ ಶಾಲೆ. ಶಕ್ತಿ ಯೋಜನೆ ಬಂದ ಮೇಲೆ ನನ್ನ ಬಸ್ ಚಾರ್ಜು ಉಳಿದಿದೆ, ನಿಜ. ಆದರೆ ಬೆಳಗಿನ ಬಸ್ಸಿನ ನೂಕುನುಗ್ಗಲು, ಹಾರ್ನು, ಕಂಡಕ್ಟರ್ ಸೀಟಿ ಇವೆಲ್ಲವನ್ನೂ ದಾಟಿ ಶಾಲೆ ಮುಟ್ಟುವ ಹೊತ್ತಿಗೆ ಪಾಠ ಶುರುವಾಗುವ ಮೊದಲೇ ಅವನ ಶಕ್ತಿಯೆಲ್ಲ ಮುಗಿದಿರುತ್ತದೆ. ಬಾಡಿಗೆ ಮನೆ ಮಾಡಿಕೊಂಡು ಮೈಸೂರಿಗೇ ಹೋಗಿ ನೆಲೆಸಿದ ಸಂಸಾರಗಳನ್ನು ಬಲ್ಲೆ. ಗದ್ದೆಯನ್ನೇ ನಂಬಿಕೊಂಡಿರುವ ನಮ್ಮಂಥವರಿಗೆ ಅದು ಆಗದ ಮಾತು.

ಆದ್ದರಿಂದ ನನ್ನ ಪ್ರಸ್ತಾವ ಇಷ್ಟು: ತಾಲ್ಲೂಕಿಗೆ ಒಂದಾದರೂ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಆಟಿಸಂ ಇರುವ ಮಕ್ಕಳಿಗಾಗಿ ಒಂದು ಕೊಠಡಿ, ಅದಕ್ಕೆಂದೇ ತರಬೇತಾದ ವಿಶೇಷ ಶಿಕ್ಷಕರು, ಒಬ್ಬ ಆಯಾ. ಮಕ್ಕಳ ಸಂಖ್ಯೆ ಹತ್ತನ್ನು ಮೀರಬಾರದು. ಅದೇ ಆವರಣ, ಅದೇ ಬಿಸಿಯೂಟ, ಅದೇ ಸಮವಸ್ತ್ರ. ಆಗುವ ವಿಷಯಗಳಿಗೆ ಮಗು ಸಾಮಾನ್ಯ ತರಗತಿಗೆ ಹೋಗಿಬರಲಿ, ಆಗದ ಹೊತ್ತಿನಲ್ಲಿ ಈ ಕೊಠಡಿಗೆ ಮರಳಲಿ. ಇದನ್ನು ಒಟ್ಟಾಗಿ ಕೇಳಬಹುದೇ, ಕೇಳುವುದಾದರೆ ಯಾರನ್ನು, ಹೇಗೆ?

ವಿಶೇಷ ಶಿಕ್ಷಕಿ, ಮೈಸೂರು

ಅಮ್ಮ, ಖಂಡಿತ ಕೇಳಬೇಕು. ಆದರೆ ಕೊಠಡಿ ಕೊಡಿ ಎಂದಷ್ಟೇ ಬರೆದರೆ ಸಾಮಾನು ತುಂಬಿಟ್ಟ ಕೋಣೆಯೊಂದನ್ನು ಖಾಲಿ ಮಾಡಿಸಿ, ನಾಲ್ಕು ಕುರ್ಚಿ ಹಾಕಿ, ವಿಶೇಷ ತರಗತಿ ಎಂದು ಬೋರ್ಡು ನೇತುಹಾಕಿಬಿಡುತ್ತಾರೆ. ಒಳಗೆ ಏನಿರಬೇಕು ಎಂಬುದು ಅರ್ಜಿಯಲ್ಲೇ ಇರಲಿ ಎನ್ನುವ ಕಾರಣಕ್ಕೆ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಇಂಥ ತರಗತಿಯಲ್ಲಿ ಮೊದಲು ಸಿದ್ಧವಾಗಬೇಕಾದದ್ದು ಹೊತ್ತಿನ ಪಟ್ಟಿ. ಮಗುವಿನ ಕಣ್ಣಳತೆಯ ಎತ್ತರಕ್ಕೆ ಗೋಡೆಯ ಮೇಲೆ ಉದ್ದನೆಯ ಒಂದು ಪಟ್ಟಿ ಅಂಟಿಸಿ, ಅದರ ಮೇಲೆ ಆ ದಿನದ ಕೆಲಸಗಳ ಚಿತ್ರಗಳನ್ನು ವೆಲ್ಕ್ರೋ ಹಾಕಿ ಮೇಲಿಂದ ಕೆಳಕ್ಕೆ ಜೋಡಿಸುತ್ತೇವೆ: ಚಪ್ಪಲಿ ಬಿಡುವುದು, ಮಣಿ ಪೋಣಿಸುವುದು, ಲೆಕ್ಕ, ಊಟ, ಮನೆ. ಒಂದೊಂದು ಕೆಲಸ ಮುಗಿದಂತೆ ಮಗು ತಾನೇ ಆ ಚಿತ್ರವನ್ನು ಕಿತ್ತು ಕೆಳಗಿನ ಡಬ್ಬಿಗೆ ಹಾಕುತ್ತದೆ. ಮುಂದೇನು ಎಂಬುದು ಗೊತ್ತಿಲ್ಲದೆ ಹುಟ್ಟುವ ಗಾಬರಿ ಇದರಿಂದ ಎಷ್ಟು ಇಳಿಯುತ್ತದೆ ಎಂಬುದನ್ನು ನೋಡಿಯೇ ನಂಬಬೇಕು. ಮಾತಿನಲ್ಲಿ ಹೇಳಿದ್ದು ಹೇಳಿದ ಕ್ಷಣದಲ್ಲೇ ಮಾಯವಾಗುತ್ತದೆ, ಚಿತ್ರ ಮಾತ್ರ ಗೋಡೆಯ ಮೇಲೆ ಉಳಿದಿರುತ್ತದೆ. ಕೆಲಸದ ಮೇಜೂ ಹೀಗೆಯೇ: ಮಾಡಬೇಕಾದದ್ದು ಎಡಗಡೆಯ ಬುಟ್ಟಿಯಲ್ಲಿ, ಮುಗಿದದ್ದು ಬಲಗಡೆಯ ಬುಟ್ಟಿಯಲ್ಲಿ, ಎಡಗಡೆ ಖಾಲಿಯಾದರೆ ಕೆಲಸ ಮುಗಿಯಿತು. ಅಮೆರಿಕದ ನಾರ್ತ್ ಕ್ಯಾರೊಲಿನಾ ವಿಶ್ವವಿದ್ಯಾಲಯದಲ್ಲಿ ಎರಿಕ್ ಶಾಪ್ಲರ್ ಮತ್ತು ಅವರ ಸಂಗಡಿಗರು 1970ರ ದಶಕದಲ್ಲಿ ರೂಪಿಸಿದ ‘ಟೀಚ್’ (TEACCH) ಎಂಬ ವಿಧಾನದಿಂದ ಬಂದ ಕ್ರಮ ಇದು. ಇದಕ್ಕೆ ಬೇಕಾಗುವುದು ರಟ್ಟು, ಪ್ಲಾಸ್ಟಿಕ್ ಬುಟ್ಟಿ ಮತ್ತು ಶಿಕ್ಷಕರ ಸಮಯ. ದುಬಾರಿ ಸಲಕರಣೆಗಳ ಪಟ್ಟಿ ತೋರಿಸಿ ಯಾರಾದರೂ ಹೆದರಿಸಿದರೆ ನಂಬಬೇಡಿ.

ಎರಡನೆಯದಾಗಿ, ಮಾತು ಬಾರದ ಮಗುವಿಗೆ ಕೇಳಲು ಒಂದು ದಾರಿ ಬೇಕು. ನೀರು, ಬಿಸ್ಕತ್ತು, ಉಯ್ಯಾಲೆ, ಬಚ್ಚಲು ಇವುಗಳ ಚಿತ್ರವನ್ನು ಕೈಗೆ ತಂದುಕೊಟ್ಟರೆ ಅದು ಸಿಗುತ್ತದೆ ಎಂಬಲ್ಲಿಂದ ಆರಂಭಿಸುತ್ತೇವೆ. ಚಿತ್ರ ಬಳಸಿದರೆ ಮಗು ಮಾತನಾಡುವುದನ್ನೇ ಬಿಟ್ಟೀತು ಎಂಬ ಭಯ ಅನೇಕ ಅಜ್ಜಅಜ್ಜಿಯರಿಗೆ ಇದೆ. ನನ್ನ ಅನುಭವದಲ್ಲಿ ಹಾಗಾಗಿಲ್ಲ. ಕೇಳಿದ್ದು ಸಿಗುತ್ತದೆ ಎಂಬ ನಂಬಿಕೆ ಬಂದ ಮೇಲೆ ಬಾಯಿ ತೆರೆದ ಮಕ್ಕಳೇ ಹೆಚ್ಚು. ‘ಬೇಕು’ ಕಲಿಸಿದಷ್ಟೇ ಶ್ರದ್ಧೆಯಿಂದ ‘ಸಾಕು’ ಎನ್ನುವುದನ್ನೂ ಕಲಿಸಬೇಕು. ಸಾಕು ಎಂದು ತಿಳಿಸಲು ಬೇರೆ ದಾರಿ ಇಲ್ಲದ ಮಗುವೇ ಕಚ್ಚುವುದು, ತಲೆ ಬಡಿದುಕೊಳ್ಳುವುದು.

ಅಕ್ಷರ, ಲೆಕ್ಕಗಳನ್ನು ಮಗುವಿನ ಒಲವಿನ ವಸ್ತುವಿನಿಂದಲೇ ಕಲಿಸಬಹುದು. ಪೆನ್ಸಿಲ್ ಕೊಟ್ಟರೆ ಎಸೆಯುತ್ತಿದ್ದ ಹುಡುಗನೊಬ್ಬ ನನ್ನಲ್ಲಿದ್ದ. ಅವನಿಗೆ ಸಿಟಿ ಬಸ್ಸುಗಳೆಂದರೆ ಪ್ರಾಣ. ಬಸ್ಸುಗಳ ಬೋರ್ಡಿನ ಫೋಟೋ ತೆಗೆದು, ಹೆಸರುಗಳನ್ನು ಕತ್ತರಿಸಿ ಜೋಡಿಸಲು ಕೊಡುತ್ತ ಹೋದೆವು. ಚಾಮುಂಡಿ ಬೆಟ್ಟದ ಒತ್ತಕ್ಷರವನ್ನು ಅವನು ಗುರುತಿಸಿದ್ದು ಕಾಗುಣಿತ ಕಲಿಯುವುದಕ್ಕೂ ಮೊದಲು.

ಕೊನೆಯದಾಗಿ ಒಂದು ಎಚ್ಚರಿಕೆ. ಎಲ್ಲ ಬಗೆಯ ವೈಕಲ್ಯವಿರುವ ಮಕ್ಕಳನ್ನೂ ಇದೇ ಕೊಠಡಿಗೆ ತಂದು ಕೂರಿಸುವುದಕ್ಕೆ ಒಪ್ಪಬೇಡಿ. ಕಿವಿ ಕೇಳದ ಮಗುವಿಗೆ ಬೇಕಾದ ಶಿಕ್ಷಕರೇ ಬೇರೆ. ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಣಿಯಾದ, ಆಟಿಸಂ ಅಥವಾ ಬೌದ್ಧಿಕ ವೈಕಲ್ಯದ ವಿಷಯದಲ್ಲಿ ವಿಶೇಷ ಡಿ.ಇಡಿ ಇಲ್ಲವೇ ಬಿ.ಇಡಿ ಮಾಡಿದವರೇ ಬೇಕೆಂದು ಸ್ಪಷ್ಟವಾಗಿ ಬರೆಯಿರಿ.

ಕುವೆಂಪುನಗರದ ತಂದೆ

ಮೇಡಂ ಅವರ ವಿವರಣೆಯ ಬಗ್ಗೆ ನನಗೆ ಗೌರವವಿದೆ. ಪ್ರಸ್ತಾವದ ಬಗ್ಗೆ ಮಾತ್ರ ನನ್ನ ವಿರೋಧವನ್ನು ದಾಖಲಿಸಲೇಬೇಕು.

ನನ್ನ ಮಗಳು ಆಟಿಸಂ ಇದ್ದೂ ಸಾಮಾನ್ಯ ಶಾಲೆಯ ಸಾಮಾನ್ಯ ತರಗತಿಯಲ್ಲಿ ಐದನೆಯ ತರಗತಿ ಓದುತ್ತಿದ್ದಾಳೆ. ಅದಕ್ಕಿಂತ ಮೊದಲು ನಾವು ಅವಳಿಗೆ ಪ್ರವೇಶ ಕೇಳಿದ ಒಂದು ಖಾಸಗಿ ಶಾಲೆಯಲ್ಲಿ ‘ವಿಶೇಷ ವಿಭಾಗ’ ಎಂಬುದಿತ್ತು. ನೋಡಲು ಹೋದೆವು. ಹಿಂದಿನ ಕಟ್ಟಡದ ಕೊನೆಯ ಕೊಠಡಿ. ಹನ್ನೊಂದು ವರ್ಷದ ಹುಡುಗನೂ ಐದು ವರ್ಷದ ಮಗುವೂ ಒಂದೇ ಬಣ್ಣದ ಪುಸ್ತಕಕ್ಕೆ ಬಣ್ಣ ಬಳಿಯುತ್ತಿದ್ದರು. ಶಾಲಾ ವಾರ್ಷಿಕೋತ್ಸವಕ್ಕೆ ಇವರು ಬರುತ್ತಾರೆಯೇ ಎಂದು ಕೇಳಿದರೆ, ಅವರಿಗೆ ಗದ್ದಲ ಆಗುವುದಿಲ್ಲ ಎಂಬ ಉತ್ತರ ಬಂತು. ಮಕ್ಕಳನ್ನು ಕೇಳಿ ನೋಡಿದ್ದೀರಾ ಎಂದರೆ ಉತ್ತರವಿರಲಿಲ್ಲ. ಹೊರಗೆ ಹೋಗುವ ಬಾಗಿಲೇ ಇಲ್ಲದ ಅಂಥ ಕೊಠಡಿಗಳು ಮಕ್ಕಳ ಉಗ್ರಾಣಗಳಾಗುತ್ತವೆ.

2016ರ ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಎಲ್ಲ ಮಕ್ಕಳೂ ಒಟ್ಟಿಗೆ ಕಲಿಯುವ ಸಮನ್ವಯ ಶಿಕ್ಷಣವನ್ನು ಗುರಿಯಾಗಿಟ್ಟುಕೊಂಡಿದೆ. ಭಾರತವೂ ಒಪ್ಪಿಕೊಂಡಿರುವ ವಿಶ್ವಸಂಸ್ಥೆಯ ವಿಕಲಚೇತನರ ಹಕ್ಕುಗಳ ಒಡಂಬಡಿಕೆಯ 24ನೆಯ ವಿಧಿ ಹೇಳುವುದೂ ಅದನ್ನೇ. ಹೀಗಿರುವಾಗ ಪೋಷಕರಾದ ನಾವೇ ಮುಂದೆ ನಿಂತು ಪ್ರತ್ಯೇಕ ಕೊಠಡಿ ಕೇಳಿದರೆ, ಸಾಮಾನ್ಯ ತರಗತಿಯ ಶಿಕ್ಷಕರು ‘ಈ ಮಗುವಿಗೆ ಆ ಕೊಠಡಿ ಇದೆಯಲ್ಲ’ ಎಂದು ಕೈತೊಳೆದುಕೊಳ್ಳಲು ನಾವೇ ದಾರಿ ಮಾಡಿಕೊಟ್ಟಂತಾಗುತ್ತದೆ. ಕೇಳುವುದಾದರೆ ತರಗತಿಯೊಳಗೇ ಎರಡನೆಯ ಶಿಕ್ಷಕರನ್ನು ಕೇಳೋಣ.

ಶ್ರೀರಂಗಪಟ್ಟಣದ ತಾಯಿ

ಸರ್, ನಿಮ್ಮ ಮಗಳ ಜೊತೆ ತರಗತಿಯಲ್ಲಿ ಯಾರಾದರೂ ಇರುತ್ತಾರೆಯೇ?

ಕುವೆಂಪುನಗರದ ತಂದೆ

ಇರುತ್ತಾರೆ. ಶ್ಯಾಡೋ ಟೀಚರ್ ಒಬ್ಬರನ್ನು ನಾವೇ ಸಂಬಳ ಕೊಟ್ಟು ಇಟ್ಟುಕೊಂಡಿದ್ದೇವೆ. ಎಲ್ಲರಿಂದಲೂ ಅದು ಆಗುವುದಿಲ್ಲ ಎಂಬುದು ನನಗೆ ತಿಳಿದಿದೆ. ಆದ್ದರಿಂದಲೇ ಸರ್ಕಾರ ಆ ಹುದ್ದೆಯನ್ನು ಕೊಡಬೇಕು ಎನ್ನುತ್ತಿದ್ದೇನೆ.

ಸಂಪನ್ಮೂಲ ಶಿಕ್ಷಕ, ಮಂಡ್ಯ ಜಿಲ್ಲೆ

ನಾನು ಶಿಕ್ಷಣ ಇಲಾಖೆಯ ಬ್ಲಾಕ್ ಸಂಪನ್ಮೂಲ ಕೇಂದ್ರದಲ್ಲಿ (ಬಿಆರ್‌ಸಿ) ಬಿಐಇಆರ್‌ಟಿ, ಅಂದರೆ ವಿಶೇಷ ಅಗತ್ಯವುಳ್ಳ ಮಕ್ಕಳ ಸಂಪನ್ಮೂಲ ಶಿಕ್ಷಕ. ಒಳಗಿನ ಚಿತ್ರ ಗೊತ್ತಿದ್ದರೆ ಅರ್ಜಿ ಗುರಿ ತಪ್ಪದು ಎಂದು ಬರೆಯುತ್ತಿದ್ದೇನೆ.

ಇಡೀ ಬ್ಲಾಕಿನ ಸರ್ಕಾರಿ ಶಾಲೆಗಳಲ್ಲಿರುವ ಎಲ್ಲ ಬಗೆಯ ವೈಕಲ್ಯದ ಮಕ್ಕಳ ಜವಾಬ್ದಾರಿ ನಮ್ಮಂಥ ಬೆರಳೆಣಿಕೆಯ ಶಿಕ್ಷಕರ ಮೇಲಿದೆ. ಶಾಲೆ ಭೇಟಿ, ವೈದ್ಯಕೀಯ ಮೌಲ್ಯಾಂಕನ ಶಿಬಿರ, ಸಾಧನ ಸಲಕರಣೆ ವಿತರಣೆ, ಗೃಹಾಧಾರಿತ ಶಿಕ್ಷಣದ ಮಕ್ಕಳ ಮನೆಗೆ ಹೋಗುವುದು, ಇದರ ಜೊತೆಗೆ ಆನ್‌ಲೈನ್ ಮಾಹಿತಿ ತುಂಬುವುದು. ಒಂದು ಶಾಲೆಗೆ ಹೋಗಿ ಒಂದು ಮಗುವಿನ ಜೊತೆ ಒಂದು ಗಂಟೆ ಕುಳಿತು ಬಂದರೆ, ಅದೇ ಮಗುವನ್ನು ಮತ್ತೆ ನೋಡುವ ಹೊತ್ತಿಗೆ ಅದು ಕಲಿತದ್ದನ್ನು ಮರೆತಿರುತ್ತದೆ. ಆಟಿಸಂ ಇರುವ ಮಗುವಿಗೆ ದಿನವೂ ಅದೇ ಮುಖ, ಅದೇ ಕ್ರಮ ಬೇಕು. ಓಡಾಡುವ ಶಿಕ್ಷಕರಿಂದ ಅದು ಸಾಧ್ಯವಾಗುವುದಿಲ್ಲ ಎಂಬುದನ್ನು ನಾನೇ ಒಪ್ಪಿಕೊಳ್ಳುತ್ತೇನೆ. ಬಿಆರ್‌ಸಿಗಳಲ್ಲಿ ಶಾಲಾ ಸಿದ್ಧತಾ ಕೇಂದ್ರವನ್ನು ನಡೆಸುವ ವ್ಯವಸ್ಥೆಯೂ ಇದೆ, ಆದರೆ ಅದು ಶಾಲೆಯ ಆವರಣದ ದಿನಚರಿಯೊಳಗೆ ಬೆರೆತ ತರಗತಿಯಲ್ಲ.

ಹಣದ ಬಗ್ಗೆ: ಸಮಗ್ರ ಶಿಕ್ಷಣ ಎಂಬ ಕೇಂದ್ರ ಪ್ರಾಯೋಜಿತ ಶಾಲಾ ಯೋಜನೆಯ ಚೌಕಟ್ಟಿನಲ್ಲಿ ವಿಶೇಷ ಅಗತ್ಯವುಳ್ಳ ಮಗುವೊಂದಕ್ಕೆ ವರ್ಷಕ್ಕೆ 3500 ರೂಪಾಯಿವರೆಗೆ ಅವಕಾಶವಿದೆ. ಸಲಕರಣೆ, ಪ್ರಯಾಣ ಭತ್ಯೆ, ಬೆಂಗಾವಲು ಭತ್ಯೆಗಳಂಥವು ಅದರೊಳಗೆ ಬರುತ್ತವೆ. ಆ ಮೊತ್ತದಿಂದ ಶಿಕ್ಷಕರ ಸಂಬಳ ಹುಟ್ಟುವುದಿಲ್ಲ. ಆದ್ದರಿಂದ ಕೊಠಡಿಗಿಂತ ಮುಖ್ಯವಾದ ಪ್ರಶ್ನೆ ಹುದ್ದೆ. ಕೇಂದ್ರ ಸರ್ಕಾರ 2022ರಲ್ಲಿ ಹೊರಡಿಸಿದ ಅಧಿಸೂಚನೆಯಂತೆ 1ರಿಂದ 5ನೆಯ ತರಗತಿವರೆಗೆ ವಿಶೇಷ ಅಗತ್ಯವುಳ್ಳ 10 ಮಕ್ಕಳಿಗೆ ಒಬ್ಬರು, 6ರಿಂದ 8ರವರೆಗೆ 15 ಮಕ್ಕಳಿಗೆ ಒಬ್ಬರು ವಿಶೇಷ ಶಿಕ್ಷಕರಿರಬೇಕು. ರಜನೀಶ್ ಕುಮಾರ್ ಪಾಂಡೆ ಪ್ರಕರಣದಲ್ಲಿ 2021ರ ಅಕ್ಟೋಬರ್ 28ರಂದು ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನ ಫಲ ಇದು. ಅದೇ ಪ್ರಕರಣದಲ್ಲಿ 2025ರ ಮಾರ್ಚ್‌ನಲ್ಲಿ, ರಾಜ್ಯಗಳು ಈ ಹುದ್ದೆಗಳನ್ನು ಮಂಜೂರು ಮಾಡಿ ಅಧಿಸೂಚನೆ ಹೊರಡಿಸಬೇಕೆಂದು ನ್ಯಾಯಾಲಯ ಮತ್ತೆ ಹೇಳಿದೆ. ಕುವೆಂಪುನಗರದ ಸರ್ ಕೇಳುತ್ತಿರುವ ಎರಡನೆಯ ಶಿಕ್ಷಕರಿಗೂ, ಅಮ್ಮ ಕೇಳುತ್ತಿರುವ ಕೊಠಡಿಯ ಶಿಕ್ಷಕರಿಗೂ ಆಧಾರ ಇದೊಂದೇ. ಹುದ್ದೆ ಒಂದು ಬಂದರೆ ಆ ಶಿಕ್ಷಕರು ಎಲ್ಲಿ ಕೂರಬೇಕು ಎಂಬುದನ್ನು ಆಮೇಲೆ ಜಗಳವಾಡಬಹುದು.

ನಿವೃತ್ತ ಮುಖ್ಯ ಶಿಕ್ಷಕ, ಕೆ.ಆರ್. ಪೇಟೆ

ಮೂವತ್ತು ವರ್ಷಕ್ಕೂ ಮೀರಿ ಕಿರಿಯ, ಹಿರಿಯ ಪ್ರಾಥಮಿಕ ಶಾಲೆಗಳಲ್ಲಿ ಕೆಲಸ ಮಾಡಿದವನಾಗಿ ಎರಡು ಮಾತು.

ನಲಿ-ಕಲಿ ಪದ್ಧತಿಯನ್ನು ಇಲ್ಲಿ ಯಾರೂ ಪ್ರಸ್ತಾಪಿಸಿಲ್ಲದಿರುವುದು ನನಗೆ ಆಶ್ಚರ್ಯ. 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯಲ್ಲಿ, ಆಂಧ್ರದ ರಿಷಿವ್ಯಾಲಿ ಶಾಲೆಯ ಪ್ರಯೋಗವನ್ನು ನೋಡಿಬಂದ ಸರ್ಕಾರಿ ಶಾಲಾ ಶಿಕ್ಷಕರು ಯುನಿಸೆಫ್ ನೆರವಿನೊಂದಿಗೆ ಆರಂಭಿಸಿದ ಪದ್ಧತಿ ಅದು. ಅದರಲ್ಲಿ ಪ್ರತಿ ಮಗುವೂ ಕಲಿಕಾ ಏಣಿಯ ಮೇಲೆ ತನ್ನದೇ ವೇಗದಲ್ಲಿ ಮೆಟ್ಟಿಲೇರುತ್ತದೆ. ಪ್ರತಿ ಕಲಿಕೆಗೂ ಚಿತ್ರದ ಗುರುತಿರುವ ಕಾರ್ಡು ಇರುತ್ತದೆ. ಒಂದು ತಿಂಗಳು ಶಾಲೆ ಬಿಟ್ಟ ಮಗು ಮರಳಿ ಬಂದರೂ ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯುತ್ತದೆ. ಮೈಸೂರಿನ ಮೇಡಂ ಹೇಳಿದ ಚಿತ್ರಪಟ್ಟಿ, ಬುಟ್ಟಿಗಳನ್ನು ಓದುವಾಗ ನನಗೆ ಅನ್ನಿಸಿದ್ದು, ಇದರಲ್ಲಿ ಅರ್ಧ ಭಾಗ ನಮ್ಮ ಒಂದನೇ ತರಗತಿಯ ಗೋಡೆಯ ಮೇಲೆ ಆಗಲೇ ಇದೆ ಎಂದು. ಇಲ್ಲದಿರುವುದು ನಿಶ್ಶಬ್ದ, ಮತ್ತು ಪಕ್ಕದಲ್ಲಿ ಕೂರುವ ಒಬ್ಬ ದೊಡ್ಡವರು. ಮೂರು ತರಗತಿಯ ಮಕ್ಕಳು ಗುಂಪು ಗುಂಪಾಗಿ ಕುಳಿತು ಒಬ್ಬರು ಹಾಡು, ಇನ್ನೊಬ್ಬರು ಮಗ್ಗಿ ಹೇಳುತ್ತಿದ್ದರೆ ಇಂಥ ಮಗು ಅಲ್ಲಿ ನಿಲ್ಲುವುದು ಕಷ್ಟ. ಆದ್ದರಿಂದ ವಿಶೇಷ ಕೊಠಡಿಯಲ್ಲೂ ಅದೇ ನಲಿ-ಕಲಿ ಕಾರ್ಡುಗಳನ್ನು, ಅದೇ ಏಣಿಯನ್ನು ಇಟ್ಟರೆ ಮಗು ಸಾಮಾನ್ಯ ತರಗತಿಗೆ ಬಂದಾಗ ಅಲ್ಲಿನ ಗುರುತುಗಳು ಅದಕ್ಕೆ ಹೊಸದಾಗುವುದಿಲ್ಲ, ಸಾಮಾನ್ಯ ಶಿಕ್ಷಕರಿಗೂ ಅದು ಯಾವ ಮೆಟ್ಟಿಲಲ್ಲಿದೆ ಎಂಬುದು ತಿಳಿಯುತ್ತದೆ. ಉಗ್ರಾಣವಾಗದಂತೆ ತಡೆಯಲು ನನಗೆ ತೋಚುವ ಉಪಾಯ ಇದು.

ಇನ್ನು ಸಣ್ಣ ಸಂಗತಿಗಳು, ಆದರೆ ಬಿಡುವಂಥವಲ್ಲ. ಅನೇಕ ಶಾಲೆಗಳಲ್ಲಿ ಗಂಟೆ ಎಂದರೆ ಮರಕ್ಕೆ ನೇತುಹಾಕಿದ ರೈಲು ಕಂಬಿಯ ತುಂಡು. ವಿಶೇಷ ಕೊಠಡಿ ಅದರ ಪಕ್ಕದಲ್ಲಿರಬಾರದು, ಅಡುಗೆ ಕೋಣೆಯ ಪಕ್ಕದಲ್ಲೂ ಇರಬಾರದು. ಕುಕ್ಕರ್ ಸೀಟಿ, ಸ್ಟೀಲ್ ತಟ್ಟೆ ತೊಳೆಯುವ ಸದ್ದು ಎರಡೂ ಜೋರು. ಬಿಸಿಯೂಟದಲ್ಲಿ ಅನ್ನದ ಮೇಲೆ ಸಾಂಬಾರು ಸುರಿದರೆ ತಟ್ಟೆಯನ್ನೇ ಮುಟ್ಟದ ಮಗುವೊಂದು ನಮ್ಮ ಶಾಲೆಯಲ್ಲಿತ್ತು. ಅಡುಗೆ ಮಾಡುವ ಹೆಣ್ಣುಮಗಳು ಅದನ್ನು ಗಮನಿಸಿ ಅನ್ನ ಬೇರೆ, ಬೇಳೆ ಬೇರೆ ಬಡಿಸತೊಡಗಿದಳು; ಅವತ್ತಿನಿಂದ ಊಟ ಮಾಡಿತು. ಯಾವ ತರಬೇತಿಯೂ ಇಲ್ಲದೆ ಆಕೆ ಕಂಡುಕೊಂಡದ್ದನ್ನು ನಾವು ಮೇಷ್ಟ್ರುಗಳು ಕಂಡುಕೊಂಡಿರಲಿಲ್ಲ. ಅಡುಗೆಯವರನ್ನೂ ತರಬೇತಿಗೆ ಸೇರಿಸಿ.

ಉಳಿದ ಮಕ್ಕಳ ಪೋಷಕರಿಂದ ದೂರು ಬಂದೇ ಬರುತ್ತದೆ. ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸಭೆಯಲ್ಲಿ ಮೊದಲೇ ವಿಷಯ ಇಟ್ಟು ನಡಾವಳಿಯಲ್ಲಿ ಬರೆಸಿಕೊಂಡರೆ ಆಮೇಲೆ ಮುಖ್ಯ ಶಿಕ್ಷಕರ ಮೇಲೆ ಬೀಳುವ ಒತ್ತಡ ಕಡಿಮೆ.

ಸರಸ್ವತಿಪುರಂ ಓದುಗ

ನನಗೆ ಇಪ್ಪತ್ತಮೂರು ವರ್ಷ. ನನಗೂ ಆಟಿಸಂ ಇದೆ. ಈ ಚರ್ಚೆಯಲ್ಲಿ ಇದುವರೆಗೆ ಪೋಷಕರು ಮತ್ತು ಶಿಕ್ಷಕರು ಮಾತ್ರ ಬರೆದಿದ್ದಾರೆ.

ನಾನು ಓದಿದ ಶಾಲೆಯಲ್ಲಿ ವಿಶೇಷ ಕೊಠಡಿ ಇರಲಿಲ್ಲ. ಇದ್ದಿದ್ದರೆ ಇಡೀ ದಿನ ಅಲ್ಲಿರಲು ನಾನು ಒಪ್ಪುತ್ತಿರಲಿಲ್ಲ, ಏಕೆಂದರೆ ಗಣಿತದ ಪಾಠ ನನಗೆ ಬಹಳ ಇಷ್ಟವಾಗಿತ್ತು ಮತ್ತು ಅದನ್ನು ಚೆನ್ನಾಗಿ ಹೇಳಿಕೊಡುವವರು ಸಾಮಾನ್ಯ ತರಗತಿಯಲ್ಲಿದ್ದರು. ಊಟದ ಬಿಡುವಿನಲ್ಲಿ ಮತ್ತು ಆಟದ ಪೀರಿಯಡ್ಡಿನಲ್ಲಿ ಮಾತ್ರ ಅಂಥ ಕೊಠಡಿ ತುಂಬ ಬೇಕಾಗಿತ್ತು. ಅದು ಇಲ್ಲದ್ದರಿಂದ ಶೌಚಾಲಯದಲ್ಲಿ ಬಾಗಿಲು ಹಾಕಿಕೊಂಡು ನಿಲ್ಲುತ್ತಿದ್ದೆ. ದಸರಾ ರಜೆ ಮುಗಿದು ಬಂದ ದಿನ ಕೂರುವ ಜಾಗ ಬದಲಾಗಿರುತ್ತಿತ್ತು. ಅದನ್ನು ಮೊದಲೇ ಯಾರೂ ಹೇಳುತ್ತಿರಲಿಲ್ಲ. ಹೇಳಿದ್ದರೆ ಸಾಕಿತ್ತು.

ನನ್ನ ಕೋರಿಕೆ ಎರಡು. ಸಾಮಾನ್ಯ ತರಗತಿಯಲ್ಲಿ ಗಲಾಟೆ ಮಾಡಿದ್ದಕ್ಕೆ ಶಿಕ್ಷೆಯಾಗಿ ಮಗುವನ್ನು ಆ ಕೊಠಡಿಗೆ ಕಳುಹಿಸಬೇಡಿ. ಹಾಗೆ ಮಾಡಿದರೆ ಆ ಕೊಠಡಿ ಯಾರಿಗೂ ಬೇಡವಾಗುತ್ತದೆ. ಯಾವ ಹೊತ್ತಿಗೆ ಎಲ್ಲಿರಬೇಕು ಎಂಬುದನ್ನು ತೀರ್ಮಾನಿಸುವಾಗ ಮಗುವನ್ನೂ ಕೇಳಿ. ಮಾತು ಬಾರದಿದ್ದರೆ ಎರಡು ಕೊಠಡಿಯ ಚಿತ್ರವನ್ನೂ ಮುಂದಿಟ್ಟು ಕೇಳಬಹುದು.

ವಕೀಲ, ಮಂಡ್ಯ

ಕಾನೂನಿನ ಸ್ಥಿತಿಯನ್ನು ಕ್ರಮವಾಗಿ ಹೇಳುತ್ತೇನೆ, ಏಕೆಂದರೆ ಇದರಲ್ಲಿ ಗೊಂದಲ ಬಹಳವಿದೆ.

ವಿಕಲಚೇತನರಿಗಾಗಿ ಬಂದ 1995ರ ಕಾಯ್ದೆಯಲ್ಲಿದ್ದ ಏಳು ವೈಕಲ್ಯಗಳಲ್ಲಿ ಆಟಿಸಂ ಇರಲಿಲ್ಲ. 1999ರ ರಾಷ್ಟ್ರೀಯ ನ್ಯಾಸ (ನ್ಯಾಷನಲ್ ಟ್ರಸ್ಟ್) ಕಾಯ್ದೆ ಆಟಿಸಂ ಅನ್ನು ಹೆಸರಿಸಿತು; 2012ರ ತಿದ್ದುಪಡಿಯ ಮೂಲಕ ಶಿಕ್ಷಣ ಹಕ್ಕು ಕಾಯ್ದೆಯೊಳಗೂ ಈ ಮಕ್ಕಳು ಬಂದರು. 2016ರ ಕಾಯ್ದೆ ಗುರುತಿಸಿದ 21 ವೈಕಲ್ಯಗಳಲ್ಲಿ ಆಟಿಸಂ ಸ್ಪಷ್ಟವಾಗಿ ಸೇರಿದ್ದು, ಅದು 2017ರ ಏಪ್ರಿಲ್ 19ರಿಂದ ಜಾರಿಯಲ್ಲಿದೆ. ಅದರ 31ನೆಯ ಕಲಮು, ಶೇಕಡ 40 ಅಥವಾ ಅದಕ್ಕಿಂತ ಹೆಚ್ಚು ವೈಕಲ್ಯವಿರುವ 6ರಿಂದ 18 ವರ್ಷದ ಮಗುವಿಗೆ ನೆರೆಹೊರೆಯ ಶಾಲೆಯಲ್ಲಿ ಅಥವಾ ತಾನು ಆರಿಸಿಕೊಂಡ ವಿಶೇಷ ಶಾಲೆಯಲ್ಲಿ ಉಚಿತ ಶಿಕ್ಷಣದ ಹಕ್ಕು ಕೊಡುತ್ತದೆ. ಸಾಮಾನ್ಯ ಶಾಲೆಯೊಳಗಿನ ವಿಶೇಷ ತರಗತಿ ಎಂಬ ಮೂರನೆಯ ರೂಪ ಅಲ್ಲಿ ಹೆಸರಿನಿಂದ ಇಲ್ಲ. ಆದ್ದರಿಂದ ಅರ್ಜಿಯನ್ನು 16ನೆಯ ಕಲಮಿನ ಮೇಲೆ ನಿಲ್ಲಿಸುವುದು ಜಾಣತನ. ಸರ್ಕಾರದ ಅನುದಾನ ಅಥವಾ ಮಾನ್ಯತೆ ಪಡೆದ ಶಾಲೆಗಳು ಮಗುವಿಗೆ ತಕ್ಕ ಅನುಕೂಲ, ಪೂರ್ಣ ಸಮನ್ವಯದ ಗುರಿಗೆ ಹೊಂದುವ ವೈಯಕ್ತಿಕ ಬೆಂಬಲ, ಅಗತ್ಯವಿರುವವರಿಗೆ ಸಾರಿಗೆ ಇವುಗಳನ್ನು ಒದಗಿಸಬೇಕೆಂದು ಅದು ಹೇಳುತ್ತದೆ. ಈ ಕಲಮಿಗೆ ಶೇಕಡ 40ರ ಮಿತಿಯೂ ಇಲ್ಲ. ಸೌಮ್ಯ ಲಕ್ಷಣದ ಮಕ್ಕಳ ಪೋಷಕರು ಇದನ್ನು ನೆನಪಿಡಬೇಕು.

ವಿಶೇಷ ಕೊಠಡಿಯನ್ನು ‘ವೈಯಕ್ತಿಕ ಬೆಂಬಲದ ಕೊಠಡಿ’ ಎಂದು ಕೇಳಿ, ಸಾಮಾನ್ಯ ತರಗತಿಯ ದಾಖಲಾತಿ ಮುಂದುವರಿಯುತ್ತದೆ ಎಂದು ಬರೆದರೆ ಕುವೆಂಪುನಗರದವರ ಆಕ್ಷೇಪಕ್ಕೂ ಕಾನೂನಿನ ಆಶಯಕ್ಕೂ ಹೊಂದಿಕೆಯಾಗುತ್ತದೆ. ಮಗುವಿನ ಹೆಸರು ಸಾಮಾನ್ಯ ತರಗತಿಯ ಹಾಜರಿಯಲ್ಲೇ ಇರಬೇಕು. ಇದನ್ನು ಬಿಟ್ಟುಕೊಡಬೇಡಿ.

ಪ್ರಮಾಣಪತ್ರದ ವಿಷಯ: ಆಟಿಸಂ ಪ್ರಮಾಣವನ್ನು ಅಳೆಯಲು ಬಳಸುವ ಭಾರತೀಯ ಮಾಪಕದಲ್ಲಿ 40 ಅಂಶಗಳಿದ್ದು, 70 ಅಂಕಕ್ಕೆ ಶೇಕಡ 40 ಎಂದು ಲೆಕ್ಕ. ಯುಡಿಐಡಿ, ಅಂದರೆ ವಿಕಲಚೇತನರ ವಿಶಿಷ್ಟ ಗುರುತಿನ ಕಾರ್ಡ್ ಮಾಡಿಸಿದ ಮೇಲೆ ರಾಷ್ಟ್ರೀಯ ನ್ಯಾಸದ ನಿರಾಮಯ ವಿಮೆಗೂ ಅರ್ಜಿ ಹಾಕಿ. ವರ್ಷಕ್ಕೆ 1 ಲಕ್ಷ ರೂಪಾಯಿವರೆಗಿನ ಆ ವಿಮೆಯಲ್ಲಿ ಥೆರಪಿ ವೆಚ್ಚಕ್ಕೂ ಅವಕಾಶವಿದೆ.

ಅರ್ಜಿ ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಮೂಲಕ ಜಿಲ್ಲೆಯ ಶಾಲಾ ಶಿಕ್ಷಣ ಉಪನಿರ್ದೇಶಕರಿಗೆ (ಡಿಡಿಪಿಐ) ಹೋಗಲಿ. ಪ್ರತಿಗಳು ಜಿಲ್ಲಾ ಪಂಚಾಯಿತಿ ಮುಖ್ಯ ಕಾರ್ಯನಿರ್ವಹಣಾಧಿಕಾರಿಗೆ ಮತ್ತು ಜಿಲ್ಲಾ ಮಟ್ಟದ ವಿಕಲಚೇತನರ ಕಲ್ಯಾಣಾಧಿಕಾರಿಗೆ. ಸ್ವೀಕೃತಿ ಪಡೆಯದೆ ಯಾವ ಕಾಗದವನ್ನೂ ಕೊಡಬೇಡಿ. ಉತ್ತರ ಬಾರದಿದ್ದರೆ ವಿಕಲಚೇತನ ವ್ಯಕ್ತಿಗಳ ರಾಜ್ಯ ಆಯುಕ್ತರ ಮುಂದೆ ದೂರು ಸಲ್ಲಿಸಬಹುದು.

ನಾಗಮಂಗಲದ ತಾತ

ನನ್ನ ಮೊಮ್ಮಗಳಿಗೆ ಇನ್ನೂ ನಾಲ್ಕು ವರ್ಷ, ಅಂಗನವಾಡಿಗೆ ಹೋಗುತ್ತಾಳೆ. ಕರೆದರೆ ತಿರುಗಿ ನೋಡುವುದಿಲ್ಲ, ಚಕ್ರ ತಿರುಗಿಸುತ್ತ ಕೂರುತ್ತಾಳೆ. ಶಾಲೆಯ ವಯಸ್ಸು ಬರುವವರೆಗೆ ಕಾಯಬೇಕೇ?

ವಿಶೇಷ ಶಿಕ್ಷಕಿ, ಮೈಸೂರು

ತಾತ, ಒಂದು ದಿನವೂ ಕಾಯಬೇಡಿ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ ಬರಬೇಕು. ಯಾವಾಗ ಬರುತ್ತಾರೆಂದು ಕಾರ್ಯಕರ್ತೆಯನ್ನು ಕೇಳಿಟ್ಟುಕೊಳ್ಳಿ. ತಂಡ ಬರುವುದು ತಡವಾಗುವಂತಿದ್ದರೆ ನೇರವಾಗಿ ಆಯಿಷ್‌ಗೆ ಕರೆತನ್ನಿ. ಮೊದಲು ಕಿವಿಯ ಪರೀಕ್ಷೆ ಮಾಡುತ್ತಾರೆ, ಕರೆದರೆ ತಿರುಗದಿರುವುದಕ್ಕೆ ಅದೂ ಕಾರಣವಿರಬಹುದು. ಮಗುವಿನ ಜೊತೆ ದಿನದ ಬಹುಹೊತ್ತು ಇರುವವರೇ ಬರಲಿ.

ಶ್ರೀರಂಗಪಟ್ಟಣದ ತಾಯಿ

ಎಲ್ಲರಿಗೂ ವಂದನೆ. ಇಲ್ಲಿ ಬಂದ ಮಾತುಗಳನ್ನಿಟ್ಟುಕೊಂಡು ಅರ್ಜಿಯ ಕರಡನ್ನು ತಿದ್ದಿದ್ದೇನೆ.

ಮೊದಲ ಕೋರಿಕೆ ಈಗ ಹುದ್ದೆಯದು: 2022ರ ಅಧಿಸೂಚನೆಯ ಪ್ರಮಾಣದಂತೆ ನಮ್ಮ ತಾಲ್ಲೂಕಿಗೆ ಬರಬೇಕಾದ ವಿಶೇಷ ಶಿಕ್ಷಕರ ಸಂಖ್ಯೆಯನ್ನು ಲೆಕ್ಕ ಹಾಕಿ ತಿಳಿಸಬೇಕು ಮತ್ತು ಮೊದಲ ಹುದ್ದೆಯನ್ನು ಆಟಿಸಂ ಇರುವ ಮಕ್ಕಳು ಹೆಚ್ಚಿರುವ ಶಾಲೆಗೆ ಕೊಡಬೇಕು. ಎರಡನೆಯದು ಕೊಠಡಿ: ಗಂಟೆ, ಅಡುಗೆ ಕೋಣೆಗಳಿಂದ ದೂರ, ಆದರೆ ಸಾಮಾನ್ಯ ತರಗತಿಗಳ ಸಾಲಿನಲ್ಲೇ. ಹಿಂದಿನ ಕಟ್ಟಡ ಬೇಡ ಎಂದು ಸ್ಪಷ್ಟವಾಗಿ ಬರೆದಿದ್ದೇನೆ. ದಾಖಲಾತಿ ಸಾಮಾನ್ಯ ತರಗತಿಯಲ್ಲೇ ಉಳಿಯುತ್ತದೆ. ಪ್ರತಿ ಮಗುವಿಗೂ ವೈಯಕ್ತಿಕ ಶಿಕ್ಷಣ ಯೋಜನೆ ಬರೆದು, ಯಾವ ವಿಷಯಕ್ಕೆ ಎಲ್ಲಿ ಕೂರಬೇಕು ಎಂಬುದನ್ನು ಮೂರು ತಿಂಗಳಿಗೊಮ್ಮೆ ಪೋಷಕರ ಮತ್ತು ಮಗುವಿನ ಎದುರಿನಲ್ಲೇ ಮರುಪರಿಶೀಲಿಸಬೇಕು. ನಲಿ-ಕಲಿ ಏಣಿ ಎರಡೂ ಕಡೆ ಒಂದೇ. ಶಿಕ್ಷೆಗಾಗಿ ಕೊಠಡಿಗೆ ಕಳುಹಿಸಬಾರದು ಎಂಬ ಸಾಲನ್ನು ಸರಸ್ವತಿಪುರಂನ ತಮ್ಮ ಬರೆದಂತೆಯೇ ಸೇರಿಸಿದ್ದೇನೆ.

ಕುವೆಂಪುನಗರದ ಸರ್, ತರಗತಿಯೊಳಗಿನ ಎರಡನೆಯ ಶಿಕ್ಷಕರು ನನಗೂ ಬೇಕು. ಆದರೆ ಮೂರು ತರಗತಿಯ ಮಕ್ಕಳಿರುವ ಕೊಠಡಿಯಲ್ಲಿ ನನ್ನ ಮಗನ ಪಕ್ಕ ಯಾರನ್ನೇ ಕೂರಿಸಿದರೂ ಸದ್ದು ಕಡಿಮೆಯಾಗುವುದಿಲ್ಲವಲ್ಲ. ಅವನು ಮೊದಲು ಬೆಂಚಿನ ಕೆಳಗಿನಿಂದ ಮೇಲೆ ಬರಬೇಕು. ಅದಕ್ಕೊಂದು ಜಾಗ ಬೇಕು.

ಕುವೆಂಪುನಗರದ ತಂದೆ

ಕರಡನ್ನು ಓದಿದೆ. ಒಂದು ಷರತ್ತು ಸೇರಿಸಿದರೆ ಸಹಿ ಹಾಕುತ್ತೇನೆ: ಪ್ರತಿ ಮಗುವೂ ದಿನಕ್ಕೆ ಒಂದು ಪೀರಿಯಡ್ಡಾದರೂ ಸಾಮಾನ್ಯ ತರಗತಿಯಲ್ಲಿರಬೇಕು, ಮತ್ತು ಆ ಹೊತ್ತಿನಲ್ಲಿ ವಿಶೇಷ ಶಿಕ್ಷಕರು ಅಥವಾ ಆಯಾ ಜೊತೆಗೆ ಹೋಗಬೇಕು. ಇಡೀ ದಿನ ಕೊಠಡಿಯಲ್ಲೇ ಉಳಿದ ಮಗುವಿನ ಬಗ್ಗೆ ಮುಖ್ಯ ಶಿಕ್ಷಕರು ಲಿಖಿತವಾಗಿ ಕಾರಣ ಕೊಡಬೇಕು. ತಾತ್ವಿಕವಾಗಿ ನನ್ನ ವಿರೋಧ ಹಾಗೆಯೇ ಇದೆ.

ವಿಶೇಷ ಶಿಕ್ಷಕಿ, ಮೈಸೂರು

ಷರತ್ತು ಒಳ್ಳೆಯದೇ. ಆದರೆ ‘ಸೇರಿದ ಮೊದಲ ಕೆಲವು ವಾರಗಳ ನಂತರ’ ಎಂದು ಸೇರಿಸಿ. ಆ ಪೀರಿಯಡ್ಡು ಪ್ರಾರ್ಥನೆಯೋ ಆಟವೋ ಆಗುವುದು ಬೇಡ. ಎಲ್ಲರೂ ಸುಲಭವೆಂದು ಅಲ್ಲಿಂದಲೇ ಆರಂಭಿಸುತ್ತಾರೆ, ಈ ಮಕ್ಕಳಿಗೆ ಅದೇ ಎಲ್ಲಕ್ಕಿಂತ ಕಷ್ಟ. ಮಗು ಚೆನ್ನಾಗಿ ಮಾಡುವ ವಿಷಯದಿಂದ ಆರಂಭಿಸಲಿ.

ಶ್ರೀರಂಗಪಟ್ಟಣದ ತಾಯಿ

ಎರಡನ್ನೂ ಸೇರಿಸಿದೆ.

ಸಂಪನ್ಮೂಲ ಶಿಕ್ಷಕ, ಮಂಡ್ಯ ಜಿಲ್ಲೆ

ಅಮ್ಮ, ಸಮಯದ ಬಗ್ಗೆ ಒಂದು ಮಾತು. ಸಮಗ್ರ ಶಿಕ್ಷಣದ ಮುಂದಿನ ವರ್ಷದ ವಾರ್ಷಿಕ ಕ್ರಿಯಾಯೋಜನೆಗೆ ಬ್ಲಾಕ್ ಮಟ್ಟದಿಂದ ಬೇಡಿಕೆ ಹೋಗುವುದು ಹಣಕಾಸು ವರ್ಷ ಮುಗಿಯುವುದಕ್ಕೆ ಕೆಲವು ತಿಂಗಳು ಮೊದಲೇ. ಜೂನ್‌ನಲ್ಲಿ ಶಾಲೆ ತೆರೆದ ಮೇಲೆ ಅರ್ಜಿ ಕೊಟ್ಟರೆ ಒಂದು ವರ್ಷ ಹೋಯಿತೆಂದೇ ಲೆಕ್ಕ. ಡಿಸೆಂಬರ್‌ಗೆ ಮುಂಚೆ ಎಸ್‌ಡಿಎಂಸಿ ನಡಾವಳಿ, ಮಕ್ಕಳ ಯುಡಿಐಡಿ ಪ್ರತಿಗಳು ಮತ್ತು ಅರ್ಜಿ ಮೂರೂ ಬಿಇಒ ಕಚೇರಿ ಮುಟ್ಟಲಿ. ಯುಡಿಐಡಿ ಇನ್ನೂ ಆಗಿಲ್ಲದ ಮಕ್ಕಳ ಹೆಸರನ್ನು ಬಿಡಬೇಡಿ. ಆನ್‌ಲೈನ್ ಅರ್ಜಿಯ ಸ್ವೀಕೃತಿಯನ್ನೇ ಲಗತ್ತಿಸಿ. ನಮ್ಮ ಬ್ಲಾಕಿನ ಮಕ್ಕಳ ಪಟ್ಟಿಯನ್ನು ಹೊಂದಿಸಿಕೊಳ್ಳಲು ಪೋಷಕರು ಬಿಆರ್‌ಸಿಗೆ ಬಂದರೆ ನಾನು ಜೊತೆಗೆ ಕೂರುತ್ತೇನೆ.